ಅಂಗಡಿಯಿಂದ ನೇರ ಸೂಪರ್ ಬೌಲ್‌ಗೆ? ಕರ್ಟ್ ವಾರ್ನರ್ ಕತೆಯ ಸತ್ಯಾಂಶ

'ದಿನಸಿ ಅಂಗಡಿಯಲ್ಲಿ ಸಾಮಾನು ಜೋಡಿಸುತ್ತಿದ್ದವನು ಮರುವರ್ಷವೇ ಅಮೆರಿಕನ್ ಫುಟ್‌ಬಾಲ್ ಚಾಂಪಿಯನ್ ಆದ' ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ಅರ್ಧ ಮಾತ್ರ ನಿಜ.

1994ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವ ಆಟಗಾರ) ಕರ್ಟ್ ವಾರ್ನರ್ ಅವರನ್ನು ಕೈಬಿಟ್ಟಿತು. ಆಗ ಅವರು ಅಯೋವಾ ರಾಜ್ಯದ ದಿನಸಿ ಅಂಗಡಿಯೊಂದರಲ್ಲಿ ರಾತ್ರಿ ಪಾಳಿ ಮಾಡಿದ್ದು ಹೌದು. ಗಂಟೆಗೆ 5.50 ಡಾಲರ್ ಸಂಬಳ.

ಆದರೆ ನಡುವಿನ ಐದು ವರ್ಷ ಎಲ್ಲಿ ಹೋಯಿತು? ನನಗೆ ಜಾಸ್ತಿ ಇಷ್ಟವಾಗುವ ಭಾಗವೇ ಅದು. ಮೂರು ಸೀಸನ್ ಅವರು ಒಳಾಂಗಣದ ಅರೀನಾ ಫುಟ್‌ಬಾಲ್ ಆಡಿದರು. ಅಲ್ಲಿ ಮೈದಾನ ಬರೀ 50 ಗಜ. ಚೆಂಡು ಕೈಗೆ ಬಂದ ಕೂಡಲೇ ಎಸೆಯಬೇಕು. ಆಮೇಲೆ 1998ರಲ್ಲಿ ಆಮ್‌ಸ್ಟರ್‌ಡ್ಯಾಮ್ ತಂಡ, ಬಳಿಕ ಸೇಂಟ್ ಲೂಯಿಸ್ ರ‍್ಯಾಮ್ಸ್‌ನಲ್ಲಿ ಮೀಸಲು ಆಟಗಾರ. 1999ರಲ್ಲಿ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಗ್ರೀನ್ ಅವರ ಮೊಣಕಾಲಿಗೆ ಪೆಟ್ಟಾದ ಮೇಲಷ್ಟೇ ಅವಕಾಶ ಸಿಕ್ಕಿತು. 2000ದ ಜನವರಿ 30ರಂದು ಸೂಪರ್ ಬೌಲ್ (ಅಮೆರಿಕನ್ ಫುಟ್‌ಬಾಲ್‌ನ ಫೈನಲ್) ಗೆದ್ದಾಗ ಅವರ ಎಸೆತಗಳಿಂದ ತಂಡ ಮುಂದೆ ಸಾಗಿದ್ದು ಒಟ್ಟು 414 ಗಜ.