ಗೋಲ್‌ಕೀಪರ್ ಮಂಡಿಗೆ ಹದಿನೈದು ವರ್ಷದ ಗ್ಯಾರಂಟಿ

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಪ್ರತಿಯೊಂದು ತಂಡದಲ್ಲಿಯೂ ಜನರಲ್ ಮ್ಯಾನೇಜರ್ ಎಂಬ ಹುದ್ದೆಯೊಂದಿದೆ. ಆಟಗಾರರನ್ನು ತರುವುದು, ಬಿಡುವುದು, ಅವರ ಸಂಬಳವನ್ನೂ ಅವಧಿಯನ್ನೂ ಗೊತ್ತುಮಾಡುವುದು ಈ ಹುದ್ದೆಯಲ್ಲಿರುವವರ ಕೆಲಸ. ಇವರ ದೂರದೃಷ್ಟಿಯನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ. ಮುಂದಿನ ವರ್ಷ ತಮ್ಮ ಕುರ್ಚಿ ಉಳಿದಿರುತ್ತದೆಯೋ ಇಲ್ಲವೋ ಎಂಬುದನ್ನು ಹೇಳಲಾರದ ಇವರು, ಇನ್ನೊಬ್ಬರ ಸೊಂಟದ ಕೀಲು ಇನ್ನು ಹನ್ನೆರಡು ವರ್ಷಕ್ಕೆ ಯಾವ ಸ್ಥಿತಿಯಲ್ಲಿರುತ್ತದೆ ಎಂಬುದನ್ನು ಮಾತ್ರ ಕೋಟಿಗಟ್ಟಲೆ ಡಾಲರ್ ಪಣವಿಟ್ಟು ಹೇಳಬಲ್ಲರು. ಗೋಲ್‌ಕೀಪರ್‌ಗಳಿಗೆ ಬರೆದುಕೊಡುವ ದೀರ್ಘಾವಧಿಯ ಒಪ್ಪಂದಗಳೆಲ್ಲ ಈ ಜ್ಯೋತಿಷ್ಯದ ಫಲವೇ. ಅವು ಕೊಟ್ಟ ಹಣಕ್ಕೆ ತಕ್ಕವೇ ಎಂಬ ಚರ್ಚೆ ಪ್ರತಿ ಬೇಸಿಗೆಯಲ್ಲಿಯೂ ನಡೆಯುತ್ತದೆ. ಖಂಡಿತ ತಕ್ಕವು ಎಂದೇ ನನ್ನ ಅಭಿಪ್ರಾಯ. ಯಾರ ಪಾಲಿಗೆ ಎಂಬುದನ್ನಷ್ಟೇ ನೋಡಬೇಕು.

2006ರ ಜುಲೈನಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡದ ಮಾಲೀಕ ಚಾರ್ಲ್ಸ್ ವಾಂಗ್ ಅವರು, ನೇಮಕವಾಗಿ ಒಂದೂವರೆ ತಿಂಗಳೂ ತುಂಬದಿದ್ದ ಜನರಲ್ ಮ್ಯಾನೇಜರ್ ನೀಲ್ ಸ್ಮಿತ್ ಅವರನ್ನು ಮನೆಗೆ ಕಳುಹಿಸಿ, ಆ ಸ್ಥಾನದಲ್ಲಿ ತಮ್ಮದೇ ತಂಡದ ಬದಲಿ ಗೋಲ್‌ಕೀಪರ್ ಗಾರ್ತ್ ಸ್ನೋ ಅವರನ್ನು ಕೂರಿಸಿದರು. ಅಲ್ಲಿಯವರೆಗೆ ಬೆಂಚಿನ ಮೇಲೆ ಕುಳಿತು ರಿಕ್ ಡಿಪಿಯೆಟ್ರೊ ಅವರ ಆಟ ನೋಡುತ್ತಿದ್ದ ಸ್ನೋ, ಎರಡೇ ತಿಂಗಳಲ್ಲಿ ಅದೇ ಡಿಪಿಯೆಟ್ರೊ ಅವರಿಗೆ 15 ವರ್ಷಗಳ, 6 ಕೋಟಿ 75 ಲಕ್ಷ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿದರು. ಈ ಪ್ರೀತಿ ಹೊಸದೇನಲ್ಲ. 2000ದ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆ) ಡಿಪಿಯೆಟ್ರೊ ಅವರನ್ನು ಮೊಟ್ಟಮೊದಲ ಆಯ್ಕೆಯಾಗಿ ತೆಗೆದುಕೊಳ್ಳುವ ಸಲುವಾಗಿ, ಮನೆಯಲ್ಲಿಯೇ ಇದ್ದ ರಾಬರ್ಟೊ ಲುವಾಂಗೊ ಎಂಬ ಯುವ ಗೋಲ್‌ಕೀಪರ್‌ನನ್ನು ಫ್ಲಾರಿಡಾಕ್ಕೆ ದಾಟಿಸಿದ್ದ ತಂಡವದು. ಅದೇ ಡ್ರಾಫ್ಟ್‌ನಲ್ಲಿ 205ನೆಯವರಾಗಿ ಆಯ್ಕೆಯಾದ ಹೆನ್ರಿಕ್ ಲುಂಡ್‌ಕ್ವಿಸ್ಟ್ ಮುಂದೆ ನೆರೆಯ ರೇಂಜರ್ಸ್ ತಂಡದ ಗೋಲನ್ನು 15 ಸೀಸನ್ ಕಾಯ್ದರು. ಗೋಲ್‌ಕೀಪರ್‌ಗಳ ಭವಿಷ್ಯವನ್ನು ಮೊದಲೇ ಓದಬಹುದೆಂಬ ನಂಬಿಕೆ ಇದರಿಂದೆಲ್ಲ ಸ್ವಲ್ಪವೂ ಕದಲಲಿಲ್ಲ.

ಇಂದಿನ ಐಸ್ ಹಾಕಿ ಗೋಲ್‌ಕೀಪರ್ ನಿಂತು ಆಡುವುದಿಲ್ಲ. ಪ್ರತಿಯೊಂದು ಹೊಡೆತಕ್ಕೂ ಎರಡೂ ಮಂಡಿಗಳನ್ನು ಒಳಕ್ಕೆ ತಿರುಗಿಸಿ ಐಸ್ ಮೇಲೆ ಕುಕ್ಕಿ, ಪಾದಗಳನ್ನು ಎರಡು ಬದಿಗೆ ಚಾಚುತ್ತಾನೆ. ಮರುಕ್ಷಣವೇ ಎದ್ದು ಪಕ್ಕಕ್ಕೆ ಜಾರಿ ಮತ್ತೆ ಕುಸಿಯುತ್ತಾನೆ. ಅಭ್ಯಾಸವೂ ಸೇರಿದರೆ ಇದು ದಿನಕ್ಕೆ ನೂರಾರು ಬಾರಿ. ಮನುಷ್ಯನ ಸೊಂಟದ ಕೀಲನ್ನು ಮಾಡಿದವನು ಈ ಉಪಯೋಗವನ್ನು ಎಣಿಸಿರಲಿಲ್ಲವೆಂದು ಕಾಣುತ್ತದೆ. ಡಿಪಿಯೆಟ್ರೊ ಅವರ ಸೊಂಟ ಹೋಯಿತು, ಮಂಡಿ ಹೋಯಿತು. 2008ರ ನಂತರದ ಐದು ಸೀಸನ್‌ಗಳಲ್ಲಿ ಅವರು ಆಡಿದ್ದು ಒಟ್ಟು 50 ಪಂದ್ಯ. 2011ರ ಫೆಬ್ರುವರಿಯಲ್ಲಿ ಪಿಟ್ಸ್‌ಬರ್ಗ್ ವಿರುದ್ಧದ ಪಂದ್ಯ ಮುಗಿಯಲು ಇನ್ನು ಕೆಲವೇ ಸೆಕೆಂಡುಗಳಿದ್ದಾಗ, ಎದುರು ತುದಿಯಿಂದ ಆ ತಂಡದ ಬದಲಿ ಗೋಲ್‌ಕೀಪರ್ ಬ್ರೆಂಟ್ ಜಾನ್ಸನ್ ಇಡೀ ಅಂಗಳವನ್ನು ದಾಟಿ ಬಂದು ಎಡಗೈಯಿಂದ ಬಿಟ್ಟ ಒಂದೇ ಏಟಿಗೆ ಡಿಪಿಯೆಟ್ರೊ ಅವರ ಮುಖದ ಮೂಳೆ ಮುರಿಯಿತು. ಒಪ್ಪಂದ ಮುಗಿಯಲು ಆಗ ಇನ್ನೂ ಹತ್ತು ವರ್ಷ ಬಾಕಿಯಿತ್ತು.

2013ರಲ್ಲಿ ತಂಡ ಈ ಒಪ್ಪಂದವನ್ನು ಮುರಿದುಕೊಂಡಿತು. ಮುರಿದುಕೊಳ್ಳುವ ಲೆಕ್ಕ ಹೀಗಿದೆ: ಉಳಿದಿದ್ದ ಎಂಟು ವರ್ಷಗಳ ಸಂಬಳದ ಮೂರನೇ ಎರಡು ಭಾಗವನ್ನು, ಅಂದರೆ 2 ಕೋಟಿ 40 ಲಕ್ಷ ಡಾಲರನ್ನು, 16 ವರ್ಷಗಳಿಗೆ ಹಂಚಿ ವರ್ಷಕ್ಕೆ 15 ಲಕ್ಷದಂತೆ ಕೊಡಬೇಕು. ಹದಿನೈದು ವರ್ಷದ ಕಟ್ಟಿನಿಂದ ಏಳನೇ ವರ್ಷಕ್ಕೆ ಬಿಡಿಸಿಕೊಳ್ಳಲು ಹದಿನಾರು ವರ್ಷದ ಕಂತು. ವಾಂಗ್ ಅವರು ತಂಡವನ್ನು ಮಾರಿದರು, 2018ರಲ್ಲಿ ತೀರಿಕೊಂಡರು. ಅದೇ ವರ್ಷ ಸ್ನೋ ಅವರನ್ನೂ ಹುದ್ದೆಯಿಂದ ಇಳಿಸಲಾಯಿತು. ಕಂತು 2029ರವರೆಗೆ ಇದೆ.

ದಾಟಿಸಿದ್ದ ಲುವಾಂಗೊ ಕಥೆಯೂ ಇಷ್ಟೇ ಬೋಧಪ್ರದವಾಗಿದೆ. ಇಲ್ಲಿ ಒಂದು ನಿಯಮವನ್ನು ಹೇಳಬೇಕು. ಎನ್‌ಎಚ್‌ಎಲ್‌ನಲ್ಲಿ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮೇಲ್ಮಿತಿಯಿದ್ದು, ಆ ಲೆಕ್ಕಕ್ಕೆ ಸೇರುವುದು ಒಪ್ಪಂದದ ವಾರ್ಷಿಕ ಸರಾಸರಿ. ಹಾಗಾಗಿ 2009ರಲ್ಲಿ ವ್ಯಾಂಕೂವರ್‌ನ ಜನರಲ್ ಮ್ಯಾನೇಜರ್ ಮೈಕ್ ಗಿಲ್ಲಿಸ್ ಅವರು, ಅಷ್ಟರಲ್ಲಿ ಫ್ಲಾರಿಡಾದಿಂದ ಅಲ್ಲಿಗೆ ಬಂದಿದ್ದ ಲುವಾಂಗೊಗೆ 12 ವರ್ಷಕ್ಕೆ 6 ಕೋಟಿ 40 ಲಕ್ಷ ಡಾಲರ್ ಬರೆದುಕೊಟ್ಟಾಗ, ಮೊದಲ ವರ್ಷಕ್ಕೆ 1 ಕೋಟಿ, ಕೊನೆಯ ಎರಡು ವರ್ಷಗಳಿಗೆ ತಲಾ 10 ಲಕ್ಷ ಎಂದು ಹಂಚಿದರು. ಆ ಕೊನೆಯ ವರ್ಷಗಳಲ್ಲಿ ಲುವಾಂಗೊಗೆ ನಲವತ್ತು ದಾಟಿರುತ್ತದೆ, ಅವರು ಆಡುವುದಿಲ್ಲ, ಸರಾಸರಿ ಇಳಿಸಲಿಕ್ಕಷ್ಟೇ ಅವು ಇವೆ ಎಂಬುದು ಸಹಿ ಹಾಕಿದವರಿಗೂ ಗೊತ್ತಿತ್ತು, ನೋಂದಾಯಿಸಿಕೊಂಡ ಲೀಗ್‌ಗೂ ಗೊತ್ತಿತ್ತು. ನೋಂದಾಯಿಸಿ ನಾಲ್ಕು ವರ್ಷದ ಮೇಲೆ, ಇಂಥ ಒಪ್ಪಂದದ ಆಟಗಾರ ಅವಧಿಗೆ ಮುನ್ನ ನಿವೃತ್ತನಾದರೆ ತಂಡಕ್ಕೆ ದಂಡ ಎಂಬ ನಿಯಮವನ್ನು ಲೀಗ್ ಹಿಂದಿನ ದಿನಾಂಕದಿಂದಲೇ ಜಾರಿಗೆ ತಂದಿತು. ಅದೇ ವರ್ಷ ಲುವಾಂಗೊರನ್ನು ಕೊಳ್ಳುವವರೇ ಸಿಗದಿದ್ದಾಗ, ತನ್ನ ಒಪ್ಪಂದವೇ ದರಿದ್ರದ್ದು ಎಂದು ಅವರೇ ವರದಿಗಾರರ ಎದುರು ಹೇಳಿಕೊಂಡರು. ಇಡೀ ಪ್ರಕರಣದಲ್ಲಿ ನೇರವಾಗಿ ಮಾತನಾಡಿದ ವ್ಯಕ್ತಿ, ಹಣ ಪಡೆಯುತ್ತಿದ್ದವರೊಬ್ಬರೇ. 2014ರಲ್ಲಿ ಅವರು ಮತ್ತೆ ಫ್ಲಾರಿಡಾ ಸೇರಿದರು. ಮರು ತಿಂಗಳೇ ಗಿಲ್ಲಿಸ್ ಕೆಲಸ ಕಳೆದುಕೊಂಡರು. 2019ರಲ್ಲಿ ಲುವಾಂಗೊ ನಿವೃತ್ತರಾದಾಗ ವರ್ಷಕ್ಕೆ ಸುಮಾರು 30 ಲಕ್ಷ ಡಾಲರ್‌ಗಳಂತೆ ಮೂರು ಸೀಸನ್ ದಂಡ ಹೊತ್ತದ್ದು, ಆ ಒಪ್ಪಂದಕ್ಕೂ ತನಗೂ ಸಂಬಂಧವೇ ಇರದ, ವ್ಯಾಂಕೂವರ್‌ನ ಮುಂದಿನ ಮ್ಯಾನೇಜರ್ ಜಿಮ್ ಬೆನ್ನಿಂಗ್ ಅವರ ಲೆಕ್ಕಪುಸ್ತಕ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎನ್ನುತ್ತೇವಲ್ಲ, ಅದಕ್ಕೆ ಕೆನಡಾದಲ್ಲಿ ಇಷ್ಟು ಶ್ರದ್ಧಾವಂತ ಭಕ್ತರಿದ್ದಾರೆಂದು ನನಗೆ ತಿಳಿದಿರಲಿಲ್ಲ.

ಮಾಂಟ್ರಿಯಲ್‌ನ ಕ್ಯಾರಿ ಪ್ರೈಸ್ ಅವರದು ಇನ್ನೂ ಸೂಕ್ಷ್ಮವಾದ ಶಾಸ್ತ್ರ. 2017ರಲ್ಲಿ ಮಾರ್ಕ್ ಬರ್ಜೆವಿನ್ ಅವರು ಪ್ರೈಸ್‌ಗೆ 8 ವರ್ಷಕ್ಕೆ 8 ಕೋಟಿ 40 ಲಕ್ಷ ಡಾಲರ್ ಕೊಟ್ಟರು. ಪ್ರೈಸ್ 2021ರಲ್ಲಿ ತಂಡವನ್ನು ಫೈನಲ್‌ಗೆ ಒಯ್ದರು. ಅದೇ ನವೆಂಬರ್‌ನಲ್ಲಿ ಬರ್ಜೆವಿನ್ ಮನೆಗೆ ಹೋದರು. ಮಂಡಿ ಕೈಕೊಟ್ಟದ್ದರಿಂದ 2022ರ ಏಪ್ರಿಲ್ ನಂತರ ಪ್ರೈಸ್ ಒಂದು ಪಂದ್ಯವನ್ನೂ ಆಡಿಲ್ಲ. ಆದರೂ 2025ರ ಸೆಪ್ಟೆಂಬರ್‌ನಲ್ಲಿ ಅವರನ್ನು ಸ್ಯಾನ್ ಹೋಸೆ ತಂಡಕ್ಕೆ ವರ್ಗಾಯಿಸಲಾಯಿತು. ಕೊನೆಯ ವರ್ಷದ ಬೋನಸ್ ಅಷ್ಟರಲ್ಲಿ ಸಂದಾಯವಾಗಿತ್ತು. ಸ್ಯಾನ್ ಹೋಸೆ ಕೊಡಬೇಕಾದದ್ದು 20 ಲಕ್ಷ, ಲೆಕ್ಕದಲ್ಲಿ ತೋರಿಸಬಹುದಾದದ್ದು 1 ಕೋಟಿ 5 ಲಕ್ಷ. ಸಂಬಳಕ್ಕೆ ಮೇಲ್ಮಿತಿಯಂತೆ ಕೆಳಮಿತಿಯೂ ಇರುವ ಲೀಗ್‌ನಲ್ಲಿ, ಖರ್ಚು ಮಾಡದೆ ಖರ್ಚು ತೋರಿಸಬೇಕಾದವರಿಗೆ ಆಡಲಾಗದ ಗೋಲ್‌ಕೀಪರ್‌ಗಿಂತ ಉಪಯುಕ್ತ ಆಟಗಾರ ಇನ್ನೊಬ್ಬನಿಲ್ಲ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಮಾರ್ಚ್ ತಿಂಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಕ್ಕೆ ನಿಲ್ಲಿಸಿದರೆ ಪಕ್ಷಪಾತವಾದೀತು, ಏಕೆಂದರೆ ಸೆರ್ಗೈ ಬೊಬ್ರೊವ್‌ಸ್ಕಿ ಇದ್ದಾರೆ. 2019ರಲ್ಲಿ ಫ್ಲಾರಿಡಾ ಪ್ಯಾಂಥರ್ಸ್‌ನ ಡೇಲ್ ಟ್ಯಾಲನ್, ಮೂವತ್ತು ತುಂಬಿದ್ದ ಬೊಬ್ರೊವ್‌ಸ್ಕಿಗೆ 7 ವರ್ಷಕ್ಕೆ 7 ಕೋಟಿ ಡಾಲರ್ ಕೊಟ್ಟರು. ಮೊದಲ ಸೀಸನ್ನಿನಲ್ಲಿಯೇ ಚೆಂಡು ಸಲೀಸಾಗಿ ಒಳಹೋಗತೊಡಗಿತು (ಐಸ್ ಹಾಕಿಯಲ್ಲಿ ಅದು ಚೆಂಡಲ್ಲ, ಪಕ್ ಎಂಬ ರಬ್ಬರ್ ಬಿಲ್ಲೆ, ಒಳಹೋದ ಮೇಲೆ ಯಾವುದಾದರೇನು). ಮರುವರ್ಷವೇ ಟ್ಯಾಲನ್ ನಿರ್ಗಮಿಸಿದರು. ಲೀಗ್‌ನ ಕೆಟ್ಟ ಒಪ್ಪಂದಗಳ ಪಟ್ಟಿ ಮಾಡುವವರು ಬೊಬ್ರೊವ್‌ಸ್ಕಿ ಹೆಸರನ್ನು ಬರೆದಿಟ್ಟುಕೊಂಡೇ ಉಳಿದವರನ್ನು ಹುಡುಕುತ್ತಿದ್ದರು. 2023ರ ಪ್ಲೇಆಫ್‌ಗೆ ತಂಡ ಇಳಿದದ್ದು ಬದಲಿ ಗೋಲ್‌ಕೀಪರ್ ಅಲೆಕ್ಸ್ ಲಯನ್ ಅವರನ್ನು ನಿಲ್ಲಿಸಿಕೊಂಡು. 1 ಕೋಟಿ ಡಾಲರ್ ಬೆಂಚಿನ ಮೇಲಿತ್ತು. ಅಲ್ಲಿಂದ ಎದ್ದು ಬಂದ ಬೊಬ್ರೊವ್‌ಸ್ಕಿ ತಂಡವನ್ನು ಫೈನಲ್‌ವರೆಗೆ ಎಳೆದೊಯ್ದು, ಅಲ್ಲಿ 22 ಲಕ್ಷ ಡಾಲರ್ ಸಂಬಳವೂ ಇರದ ಎದುರಾಳಿ ಗೋಲ್‌ಕೀಪರ್ ಆಡಿನ್ ಹಿಲ್ ಎದುರು ಸೋತರು. ಅಗ್ಗದ ಗೋಲ್‌ಕೀಪರೇ ಸಾಕು ಎಂಬುದು ಅಂದಿಗೆ ಸಿದ್ಧಾಂತವಾಯಿತು. 2024ರಲ್ಲಿಯೂ 2025ರಲ್ಲಿಯೂ ಅದೇ ಬೊಬ್ರೊವ್‌ಸ್ಕಿ ಲೀಗ್‌ನ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಎತ್ತಿದಾಗ, ದುಬಾರಿಯವರೇ ಬೇಕು ಎಂಬುದು ಅಷ್ಟೇ ಗಟ್ಟಿ ಸಿದ್ಧಾಂತವಾಯಿತು. ಎರಡೂ ಕಪ್‌ಗಳ ಕೀರ್ತಿ ಈಗಿನ ಮ್ಯಾನೇಜರ್ ಬಿಲ್ ಝಿಟೊ ಅವರಿಗೆ ಸಂದಿತು. ಕೆಟ್ಟ ಒಪ್ಪಂದದ ದಂಡದಂತೆ ಒಳ್ಳೆಯ ಒಪ್ಪಂದದ ಹೂಮಾಲೆಯೂ ಸಹಿ ಹಾಕಿದವರ ಕೊರಳಿಗೆ ಬೀಳುವುದಿಲ್ಲವೆಂದ ಮೇಲೆ, ಅವರು ನಿಷ್ಕಾಮ ಕರ್ಮಿಗಳೆಂದೇ ಹೇಳಬೇಕು.

ಅಂಕಿಗಳ ಭಾಷೆಯಲ್ಲಿ ಕೇಳುವವರೂ ಇದ್ದಾರೆ. ನೂರಕ್ಕೆ ತೊಂಬತ್ತು ಹೊಡೆತ ತಡೆಯುವವನಿಗೂ ತೊಂಬತ್ತೊಂದು ತಡೆಯುವವನಿಗೂ, ಸೀಸನ್ನಿಗೆ 1,600 ಹೊಡೆತ ಎಂದು ಹಿಡಿದರೆ, ಇರುವ ವ್ಯತ್ಯಾಸ 16 ಗೋಲು. ಅದು ಕೆಲವು ಗೆಲುವುಗಳ ಬೆಲೆ, ಕಡಿಮೆಯೇನಲ್ಲ. ತೊಡಕೆಂದರೆ, ಆ ಒಂದು ಹೊಡೆತವನ್ನು ಮುಂದಿನ ವರ್ಷ ಯಾರು ತಡೆಯುತ್ತಾರೆಂಬುದು ಅಂಕಿಗಳಿಂದಲೂ ತಿಳಿಯುವುದಿಲ್ಲ. 2018ರ ಕೊನೆಯ ತಿಂಗಳುಗಳಲ್ಲಿ ಇನ್ನೂ ಕೆಳಗಿನ ಲೀಗ್‌ನಲ್ಲಿ ಆಡುತ್ತಿದ್ದ ಜೋರ್ಡನ್ ಬಿನ್ನಿಂಗ್ಟನ್, 6.5 ಲಕ್ಷ ಡಾಲರ್ ಸಂಬಳದಲ್ಲಿ 2019ರ ಜೂನ್‌ನಲ್ಲಿ ಸೇಂಟ್ ಲೂಯಿಸ್‌ಗೆ ಕಪ್ ಗೆದ್ದುಕೊಟ್ಟರು.

ಹಾಗೆಂದು ನಮ್ಮ ಹುಲ್ಲಿನ ಹಾಕಿಯ ದೊರೆಗಳು ಕಂಡುಕೊಂಡ ಪರಿಹಾರವನ್ನು ಅವರಿಗೆ ಶಿಫಾರಸು ಮಾಡುವ ಧೈರ್ಯ ನನಗಿಲ್ಲ. 1998ರ ಬ್ಯಾಂಕಾಕ್ ಏಷ್ಯಾಡ್ ಫೈನಲ್ ಟೈಬ್ರೇಕರ್‌ಗೆ ಹೋದಾಗ ಕೊರಿಯನ್ನರಿಗೆ ಅಡ್ಡನಿಂತು ಚಿನ್ನ ತಂದುಕೊಟ್ಟವರು ಬೆಂಗಳೂರಿನ ಆಶಿಶ್ ಬಲ್ಲಾಳ್. ಅದರ ಬೆನ್ನಿಗೇ ಅವರನ್ನೂ ಇನ್ನು ಕೆಲವು ಹಿರಿಯರನ್ನೂ ತಂಡದಿಂದ ಕೈಬಿಡಲಾಯಿತು. ಅಲ್ಲಿ ಆಡದವರಿಗೆ ಹದಿನಾರು ವರ್ಷ ಕಂತು, ಇಲ್ಲಿ ಗೆಲ್ಲಿಸಿದವರಿಗೆ ಕೂಡಲೇ ವಿಶ್ರಾಂತಿ.

ಅಮೆರಿಕದ ಮಾಲೀಕರು ಮಾತ್ರ ತಮ್ಮ ಕೈಯನ್ನು ಕಟ್ಟಿಹಾಕಿ ಎಂದು ಕಾಲಕಾಲಕ್ಕೆ ಆಟಗಾರರ ಸಂಘವನ್ನೇ ಕೇಳಿಕೊಳ್ಳುತ್ತ ಬಂದಿದ್ದಾರೆ. 2013ರಲ್ಲಿ, ಅರ್ಧ ಸೀಸನ್ ಬಾಗಿಲು ಮುಚ್ಚಿ ಚೌಕಾಸಿ ಮಾಡಿದ ಮೇಲೆ, ಒಪ್ಪಂದಗಳ ಗರಿಷ್ಠ ಅವಧಿ 8 ವರ್ಷಕ್ಕೆ ಇಳಿಯಿತು. 2026ರ ಸೆಪ್ಟೆಂಬರ್‌ನಿಂದ ಅದು 7. 8 ವರ್ಷದ ಈ ಅವಕಾಶ ಮುಗಿಯುವ ಮುನ್ನವೇ, 2024ರ ಡಿಸೆಂಬರ್‌ನಲ್ಲಿ, ನ್ಯೂಯಾರ್ಕ್ ರೇಂಜರ್ಸ್‌ನ ಕ್ರಿಸ್ ಡ್ರೂರಿ ಅವರು ಇಗೊರ್ ಶೆಸ್ಟರ್ಕಿನ್‌ಗೆ 8 ವರ್ಷಕ್ಕೆ 9 ಕೋಟಿ 20 ಲಕ್ಷ ಡಾಲರ್ ಬರೆದುಕೊಟ್ಟರು. ಒಪ್ಪಂದ ಮುಗಿಯುವಾಗ ಶೆಸ್ಟರ್ಕಿನ್‌ಗೆ 37 ವರ್ಷ. ಸಹಿ ಹಾಕಿದ ಮ್ಯಾನೇಜರ್ ಕೂಡ ಅಷ್ಟೇ ವರ್ಷ ಅದೇ ಸಂಬಳಕ್ಕೆ ಅದೇ ಕುರ್ಚಿಯಲ್ಲಿ ಕೂತಿರಬೇಕು, ಕಂತಿನಲ್ಲಿ ಅವರದೂ ಒಂದು ಪಾಲಿರಬೇಕು ಎಂಬ ಷರತ್ತು ಸೇರಿಸಿದ್ದರೆ ಗೋಲ್‌ಕೀಪರ್‌ಗಳೆಲ್ಲ ಇಷ್ಟುಹೊತ್ತಿಗೆ ಎರಡೆರಡು ವರ್ಷದ ಒಪ್ಪಂದದಲ್ಲಿ ಆಡುತ್ತಿದ್ದರು. ಚೌಕಾಸಿಯ ಮೇಜಿಗೆ ಆ ಷರತ್ತನ್ನು ಈವರೆಗೆ ಯಾರೂ ತಂದಂತಿಲ್ಲ.