ವಾಪಸ್ ಬಂದದ್ದಕ್ಕೆ ಹೊಡೆತ ಯಾಕೆ?

ಇವತ್ತು ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ನೋಡಿದ್ದು ಇನ್ನೂ ತಲೆಯಿಂದ ಹೋಗಿಲ್ಲ. ಬರೆದೇ ಬಿಡುತ್ತೇನೆ.

ಬ್ಯಾಂಡ್‌ಸ್ಟ್ಯಾಂಡ್ ಹತ್ತಿರ ಒಬ್ಬರು ತಮ್ಮ ಲ್ಯಾಬ್ರಡಾರ್ ನಾಯಿಯ ಬೆಲ್ಟ್ ಬಿಚ್ಚಿದ್ದರು. ಅದು ಅಳಿಲು ಕಂಡಿತು, ಓಡಿತು. ಇವರು ಎಷ್ಟು ಕೂಗಿದರೂ ಬರಲಿಲ್ಲ. ಅಳಿಲು ಮರ ಹತ್ತಿದ ಮೇಲೆ ನಾಯಿ ತಿರುಗಿ ನೋಡಿತು, ಬಾಲ ಅಲ್ಲಾಡಿಸುತ್ತಾ ಇವರ ಕಾಲ ಹತ್ತಿರ ಬಂತು. ಬಂದ ತಕ್ಷಣ ಅದೇ ಬೆಲ್ಟನ್ನು ಮಡಚಿ ಬೆನ್ನಿಗೆ ಬಾರಿಸಿದರು. "ಓಡ್ತೀಯಾ? ಇನ್ನೊಂದ್ಸಲ ಓಡ್ತೀಯಾ?"

ನನ್ನ ಬಾಯಿ ಸುಮ್ಮನಿರುವುದಿಲ್ಲ, ನಿಮಗೆ ಗೊತ್ತು. "ಸರ್, ಅದು ಓಡಿದಾಗ ನೀವು ಹೊಡೀಲಿಲ್ಲ. ವಾಪಸ್ ಬಂದಾಗ ಹೊಡೆದ್ರಿ" ಅಂದೆ.

"ಅದಕ್ಕೆ ಎಲ್ಲಾ ಗೊತ್ತಾಗುತ್ತೆ ಮೇಡಂ. ಮುಖ ನೋಡಿ, ತಪ್ಪು ಮಾಡಿದೀನಿ ಅಂತ ಹೆಂಗೆ ತಲೆ ತಗ್ಗಿಸಿದೆ!"

ಈ ಮಾತನ್ನು ನಾಯಿ ಸಾಕಿದವರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಆ ಮುಖ ತಪ್ಪೊಪ್ಪಿಗೆಯ ಮುಖ ಅಲ್ಲ. ಅಲೆಕ್ಸಾಂಡ್ರಾ ಹೊರೋವಿಟ್ಜ್ ಅನ್ನುವ ವಿಜ್ಞಾನಿ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದರು. ತಿಂಡಿ ಮುಟ್ಟಬೇಡ ಅಂತ ನಾಯಿಗೆ ಹೇಳಿ ಯಜಮಾನರು ಹೊರಗೆ ಹೋಗಬೇಕು. ಅವರು ಒಳಗೆ ಬಂದಾಗ, ನಾಯಿ ತಿಂದಿತೋ ಇಲ್ಲವೋ ಅನ್ನುವುದನ್ನು ಕೆಲವೊಮ್ಮೆ ನಿಜ, ಕೆಲವೊಮ್ಮೆ ಸುಳ್ಳು ಹೇಳಲಾಗುತ್ತಿತ್ತು. ತಿಂದಿದೆ ಅಂತ ಕೇಳಿದರೆ ಯಜಮಾನರು ಬೈಯುತ್ತಿದ್ದರು. ಬೈಸಿಕೊಂಡಾಗಲೇ ನಾಯಿಗಳು ಆ ಮುಖ ಹೆಚ್ಚು ಮಾಡಿದವು, ತಿಂದಿರಲಿ, ತಿನ್ನದಿರಲಿ. ಏನೂ ತಿನ್ನದೆ ಬೈಸಿಕೊಂಡ ನಾಯಿಗಳು ಇನ್ನೂ ಜಾಸ್ತಿ ಮಾಡಿದವು. ಅಂದರೆ ಅದು ನಿಮ್ಮ ಸಿಟ್ಟಿಗೆ ಹೆದರಿದ ಮುಖ, ಅಷ್ಟೇ.

ಹಾಗಾದರೆ ಇವತ್ತು ಆ ಲ್ಯಾಬ್ರಡಾರ್ ಕಲಿತದ್ದೇನು? ಅಳಿಲಿನ ಹಿಂದೆ ಓಡುವುದು ಖುಷಿ. ಯಜಮಾನರ ಹತ್ತಿರ ಹೋದರೆ ಏಟು. ನಾಳೆ ಇನ್ನೂ ದೂರ ಓಡುತ್ತದೆ, ಇನ್ನೂ ತಡವಾಗಿ ಬರುತ್ತದೆ. ಆಗ "ಇದು ಮಾತೇ ಕೇಳಲ್ಲ" ಅಂತ ಇನ್ನೂ ಜೋರಾಗಿ ಬೀಳುತ್ತದೆ.

ಇದು ಹೊಸ ವಿಷಯವೇನಲ್ಲ. 1898ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ ಬೆಕ್ಕುಗಳನ್ನು ಚಿಲಕವಿದ್ದ ಪೆಟ್ಟಿಗೆಯಲ್ಲಿಟ್ಟು, ಹೊರಗೆ ಊಟವಿಟ್ಟು ನೋಡಿದ್ದ. ಬೆಕ್ಕು ಪರಚಿತು, ಕಚ್ಚಿತು, ಒದ್ದಾಡಿತು. ಆ ಒದ್ದಾಟದಲ್ಲಿ ಕಾಲು ತಾಗಿ ಚಿಲಕ ಬಿಚ್ಚಿಕೊಂಡಿತು. ಮತ್ತೆ ಮತ್ತೆ ಒಳಗಿಟ್ಟ ಹಾಗೆ ಪರಚುವುದು ಕಮ್ಮಿಯಾಗಿ, ಚಿಲಕಕ್ಕೆ ಕೈ ಹಾಕುವುದೊಂದೇ ಉಳಿಯಿತು. ಯಾವ ಕೆಲಸದ ಬೆನ್ನಿಗೆ ಸುಖ ಬಂತೋ ಅದು ಉಳಿಯಿತು. ನೂರಿಪ್ಪತ್ತು ವರ್ಷ ದಾಟಿದರೂ ನಾವು ಬೆಲ್ಟ್ ಮಡಚುತ್ತಿದ್ದೇವೆ.

ನಾಯಿಯ ಮಾತು ಬಿಡಿ, ನಾನು ದಿನಾ ಮಕ್ಕಳ ಮಧ್ಯೆ ಇರುವವಳು. ಅಲ್ಲೂ ಇದೇ. ಹುಡುಗ ತಾನಾಗೇ ಬಂದು "ಅಮ್ಮಾ, ನೀರಿನ ಬಾಟಲ್ ಕಳೆದುಹೋಯ್ತು" ಅನ್ನುತ್ತಾನೆ. ಶಾಲೆಯ ಗೇಟಿನಲ್ಲೇ ಕೆನ್ನೆಗೆ ಬೀಳುತ್ತದೆ. ಹೊಡೆತ ಬಿದ್ದದ್ದು ಬಾಟಲ್ ಕಳೆದದ್ದಕ್ಕೆ ಅಂತ ಅಮ್ಮನ ಲೆಕ್ಕ. ಬಾಟಲ್ ಕಳೆದದ್ದು ಬೆಳಿಗ್ಗೆ, ಹೊಡೆತ ಬಿದ್ದದ್ದು ನಿಜ ಹೇಳಿದ ಮರುಕ್ಷಣ. ಮಕ್ಕಳಿಗೆ ಮಾತು ಅರ್ಥವಾಗುತ್ತದೆ, ಬಿಡಿಸಿ ಹೇಳಬಹುದು, ಒಪ್ಪುತ್ತೇನೆ. ಆದರೆ ಕೆನ್ನೆ ಉರಿಯುವಾಗ ಯಾರ ವಿವರಣೆ ಯಾರ ಕಿವಿಗೆ ಹೋಗುತ್ತದೆ? ಮುಂದಿನ ಸಲ ಅವನು ಹೇಳುವುದಿಲ್ಲ. ಆಮೇಲೆ ಮಾರ್ಕ್ಸ್ ಕಾರ್ಡ್ ಹಾಸಿಗೆ ಕೆಳಗೆ ಸೇರುತ್ತದೆ, ಅಪ್ಪನ ಸಹಿಯನ್ನು ಅವನೇ ಹಾಕುತ್ತಾನೆ. ಪೋಷಕರು ನನ್ನ ಮುಂದೆ ಕೂತು "ಸುಳ್ಳು ಹೇಳೋದು ಎಲ್ಲಿ ಕಲಿತನೋ ಮಿಸ್" ಅಂತ ಕಣ್ಣೀರು ಹಾಕುತ್ತಾರೆ. ನನಗೆ ಅವರ ಮೇಲೆ ಸಿಟ್ಟು ಬರುತ್ತದೆ, ಪಾಪ ಅಂತಲೂ ಅನ್ನಿಸುತ್ತದೆ.

ನಾವು ಕಲಿಸಬೇಕು ಅಂದುಕೊಳ್ಳದೆಯೂ ಕಲಿಸುತ್ತಿರುತ್ತೇವೆ. ದರ್ಶಿನಿಯಲ್ಲಿ ಮಗು ಮೊಬೈಲ್‌ಗೆ ಅಳುತ್ತದೆ. ಹತ್ತು ನಿಮಿಷ ತಡೆದು, ಜನ ನೋಡುತ್ತಾರೆ ಅಂತ ಕೊಟ್ಟುಬಿಡುತ್ತಾರೆ. ಹತ್ತು ನಿಮಿಷ ಅತ್ತರೆ ಸಿಗುತ್ತದೆ ಅಂತ ಪಾಠವಾಯಿತು. ಪ್ರತಿ ಸಲ ಕೊಡಲ್ಲ, ಯಾವಾಗಲೋ ಒಮ್ಮೆ ಕೊಡೋದು ಅನ್ನುತ್ತಾರೆ. ಅದು ಇನ್ನೂ ಕಷ್ಟ. ಯಾವಾಗಲೋ ಒಮ್ಮೆ ಸಿಗುವುದಕ್ಕೆ ಅಂಟಿಕೊಂಡ ಅಭ್ಯಾಸ ಬಿಡಿಸುವುದೇ ಎಲ್ಲಕ್ಕಿಂತ ಕಷ್ಟ ಅಂತ ಸ್ಕಿನ್ನರ್ ಅನ್ನುವ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಪಾರಿವಾಳ, ಇಲಿಗಳಲ್ಲಿ ತೋರಿಸಿದ್ದಾನೆ. ಕೊಡುವುದನ್ನು ಪೂರ್ತಿ ನಿಲ್ಲಿಸಿದಾಗಲೂ ಅಳು ಕಮ್ಮಿಯಾಗುವ ಮುಂಚೆ ಒಮ್ಮೆ ಜೋರಾಗುವುದುಂಟು. ಸಾಮಾನ್ಯವಾಗಿ ಅಲ್ಲೇ ನಮ್ಮವರು ಸೋಲುತ್ತಾರೆ.

ಈಗ ಕಾಮೆಂಟಿನಲ್ಲಿ ಏನು ಬರುತ್ತದೆ ಅಂತ ಗೊತ್ತು. "ಛಡಿ ಚಂ ಚಂ, ವಿದ್ಯೆ ಘಂ ಘಂ. ನಾವು ಏಟು ತಿಂದೇ ಸರಿಯಾಗಿ ಬೆಳೆದಿಲ್ವಾ?"

ನಾನೂ ತಿಂದವಳೇ. ಗಣಿತದ ಪೀರಿಯಡ್ ಬಂತೆಂದರೆ ಹೊಟ್ಟೆನೋವು ಬರುತ್ತಿತ್ತು. ಸುಳ್ಳು ನೋವಲ್ಲ, ನಿಜವಾದ ನೋವು. ಮಗ್ಗಿ ನನಗೆ ಬಂದದ್ದು ಕೋಲಿನಿಂದಲ್ಲ. ರಾತ್ರಿ ಪಕ್ಕದಲ್ಲಿ ಕೂರಿಸಿಕೊಂಡು, ತಪ್ಪಿದಲ್ಲಿಂದ ಮತ್ತೆ ಶುರು ಮಾಡಿಸುತ್ತಿದ್ದ ನಮ್ಮ ಅಜ್ಜಿಯಿಂದ. ಏಟು ತಿಂದವರು ಚೆನ್ನಾಗಿ ಬೆಳೆದರೆ ಅದರ ಹಿಂದೆ ಇಂಥ ಯಾರೋ ಇರುತ್ತಾರೆ. ಹೆಸರು ಮಾತ್ರ ಕೋಲಿಗೆ ಹೋಗುತ್ತದೆ.

ಏಟಿನಿಂದ ಕಲಿಯುವುದು ಇನ್ನೊಂದಿದೆ, ಹೊಡೆಯುವುದು. 1961ರಲ್ಲಿ ಸ್ಟ್ಯಾನ್‌ಫೋರ್ಡ್‌ನಲ್ಲಿ ಬಂಡೂರಾ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು 72 ಪುಟ್ಟ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದರು. ದೊಡ್ಡವರು ಗಾಳಿ ತುಂಬಿದ ಗೊಂಬೆಯನ್ನು ಹೊಡೆಯುವುದನ್ನು ಕೆಲವು ಮಕ್ಕಳಿಗೆ ತೋರಿಸಿದರು. ಅದನ್ನು ನೋಡಿದ ಮಕ್ಕಳಲ್ಲಿ ಬಹಳಷ್ಟು ಜನ ಹಾಗೇ ಹೊಡೆದರು, ಕೆಲವರು ಅದೇ ಮಾತನ್ನೂ ಆಡಿದರು. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಮತ್ತೆ ಹೊಡೆಯುವುದು ಯಾಕೆ ನಿಲ್ಲುವುದಿಲ್ಲ? ಹೊಡೆದ ತಕ್ಷಣ ಮನೆ ಸುಮ್ಮನಾಗುತ್ತದೆ. ಆ ನೆಮ್ಮದಿ ಹೊಡೆದವರಿಗೆ ಸಿಗುವ ಬಹುಮಾನ. ಬೆಕ್ಕಿಗೆ ಚಿಲಕ ಸಿಕ್ಕ ಹಾಗೆ ದೊಡ್ಡವರಿಗೆ ಕೋಲು ಸಿಕ್ಕಿದೆ. ನಾಳೆ ಅದೇ ಗಲಾಟೆ ಮತ್ತೆ ಶುರುವಾಗುತ್ತದೆ, ಅದು ಅವರ ಲೆಕ್ಕಕ್ಕೆ ಬರುವುದಿಲ್ಲ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಆದರೂ "ನಾಲ್ಕು ಬಿಡಿ ಮಿಸ್, ನಾವೇನೂ ಕೇಳಲ್ಲ" ಅಂತ ನನಗೇ ಬಂದು ಹೇಳುವ ಅಪ್ಪಂದಿರಿದ್ದಾರೆ.

ಹೊಡೆಯದೆ ಕಲಿಸಲು ಆಗುವುದಿಲ್ಲ ಅನ್ನುವವರು ಡಾಲ್ಫಿನ್‌ಗಳನ್ನು ನೆನೆಯಲಿ. 1960ರ ದಶಕದಲ್ಲಿ ಹವಾಯಿಯ ಸೀ ಲೈಫ್ ಪಾರ್ಕಿನಲ್ಲಿ ಕ್ಯಾರೆನ್ ಪ್ರಯರ್ ಡಾಲ್ಫಿನ್‌ಗಳಿಗೆ ಕಲಿಸುತ್ತಿದ್ದರು. ಈಜಿ ದೂರ ಹೋಗುವ ಪ್ರಾಣಿಗೆ ಬೆಲ್ಟ್ ಕಟ್ಟುವುದಕ್ಕಾಗುತ್ತದಾ? ಬೇಕಾದದ್ದು ಮಾಡಿದ ಕ್ಷಣ ಸೀಟಿ, ಆಮೇಲೆ ಮೀನು. ಅಷ್ಟರಲ್ಲೇ ಕಲಿತವು.

ಅಷ್ಟು ದೂರ ಯಾಕೆ, ಮೈಸೂರು ನೋಡಿ. ಜಂಬೂಸವಾರಿಯ ದಿನ 21 ಕುಶಾಲತೋಪು ಹಾರುತ್ತವೆ. 750 ಕಿಲೋ ಅಂಬಾರಿ ಹೊರುವ ಆನೆ ಬೆದರುವಂತಿಲ್ಲ. ಅದಕ್ಕೇ ಮುಂಚೆಯಿಂದ ತಾಲೀಮು. ಸದ್ದಿಗೆ ಪಳಗಿದ ಹಿರಿಯ ಆನೆಗಳ ಜೊತೆ ಹೊಸ ಆನೆಗಳನ್ನು ನಿಲ್ಲಿಸುತ್ತಾರೆ. ಬೆದರಿದರೆ ಮಾವುತರು, ಕಾವಾಡಿಗಳು ಮೈ ಸವರಿ ಸಮಾಧಾನ ಮಾಡುತ್ತಾರೆ. ಭಾರವೂ ಮೊದಲು ಮರಳಿನ ಮೂಟೆ, ಸ್ವಲ್ಪ ಸ್ವಲ್ಪ ಹೆಚ್ಚಿಸಿ, ಆಮೇಲೆ ಮರದ ಅಂಬಾರಿ. ಕಾಡಾನೆಯನ್ನು ಹಿಡಿದು ಕ್ರಾಲ್ ಅನ್ನುವ ಮರದ ದಿಮ್ಮಿಗಳ ದೊಡ್ಡಿಯಲ್ಲಿಟ್ಟು ಪಳಗಿಸುವುದನ್ನು ನಾನು ಸಮರ್ಥಿಸುತ್ತಿಲ್ಲ, ಆ ನೋವು ಬೇರೆಯೇ. ಆದರೆ ಭಯ ಬಿಡಿಸುವ ಈ ದಾರಿ ಸರಿಯಾದ ದಾರಿ. ಹೆದರಿದ ಆನೆಗೆ ಹೊಡೆದರೆ ತೋಪಿನ ಸದ್ದಿನ ಜೊತೆ ನೋವೂ ಸೇರುತ್ತದೆ, ಭಯ ಎರಡರಷ್ಟಾಗುತ್ತದೆ.

ದೀಪಾವಳಿ ಬರುತ್ತಿದೆ. ಪಟಾಕಿಗೆ ನಡುಗುವ ನಾಯಿ ನಿಮ್ಮ ಮನೆಯಲ್ಲಿದ್ದರೆ ಇದನ್ನೇ ಮಾಡಿ. ಮೊಬೈಲ್‌ನಲ್ಲಿ ಪಟಾಕಿ ಸದ್ದನ್ನು ಕೇಳಿಯೂ ಕೇಳದಷ್ಟು ಮೆಲ್ಲಗೆ ಹಾಕಿ, ಜೊತೆಗೆ ಅದಕ್ಕೆ ಇಷ್ಟವಾದ ತಿನಿಸು ಕೊಡಿ. ಆರಾಮಾಗಿದ್ದರೆ ಕೆಲವು ದಿನಗಳ ಮೇಲೆ ಸದ್ದು ಒಂಚೂರು ಏರಿಸಿ. ಕಿವಿ ಹಿಂದಕ್ಕೆ ಹೋಯಿತಾ, ಬಾಲ ಒಳಗೆ ಸೇರಿತಾ, ನಿಲ್ಲಿಸಿ, ಮರುದಿನ ಕೆಳಗಿನಿಂದ ಶುರು ಮಾಡಿ. ತೀರಾ ಹೆದರುವ ನಾಯಿಯಾದರೆ ಮೊದಲು ಪಶುವೈದ್ಯರಿಗೆ ತೋರಿಸಿ. ನಮ್ಮ ಕರಿಯನಿಗೆ ನಾನು ಬಳಸುವ ರೆಕಾರ್ಡಿಂಗ್ ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ, ಕಳಿಸುತ್ತೇನೆ. ಹಬ್ಬದ ಹಿಂದಿನ ದಿನ ಮಾತ್ರ ಕೇಳಬೇಡಿ, ಆಗ ಸಮಯ ಸಾಲುವುದಿಲ್ಲ.