ಎಕ್ಸ್‌ಎಂಎಲ್ ನೇಮ್‌ಸ್ಪೇಸ್ ಎಲ್ಲಿ ಬೇಕು, ಎಲ್ಲಿ ಬೇಡ

ಒಮ್ಮೆ ಒಂದು ಆಟಮ್ ಫೀಡ್ (ಸೈಟ್‌ನ ಹೊಸ ಬರಹಗಳನ್ನು ಟ್ಯಾಗ್‌ಗಳಲ್ಲಿ ಪಟ್ಟಿ ಮಾಡುವ ಎಕ್ಸ್‌ಎಂಎಲ್ ಫೈಲ್) ಓದುವ ಪ್ರೋಗ್ರಾಂ ಬರೆಯುತ್ತಿದ್ದೆ. ಫೈಲ್ ತುಂಬಾ 'ಎಂಟ್ರಿ' ಟ್ಯಾಗ್‌ಗಳು. ಎಕ್ಸ್‌ಎಂಎಲ್‌ನಲ್ಲಿ ಹುಡುಕುವ ಭಾಷೆಯಾದ ಎಕ್ಸ್‌ಪಾತ್‌ನಲ್ಲಿ ಅದೇ ಹೆಸರು ಕೊಟ್ಟು ಹುಡುಕಿದರೆ ಒಂದೂ ಸಿಗಲಿಲ್ಲ. ಎರರ್ ಕೂಡ ಬರಲಿಲ್ಲ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ಕಂಡಿತು: ಮೇಲಿನ ಟ್ಯಾಗ್‌ನಲ್ಲಿದ್ದ ಎಕ್ಸ್‌ಎಂಎಲ್‌ಎನ್‌ಎಸ್. ಟ್ಯಾಗ್‌ಗಳ ಹೆಸರು ಯಾವ ಗುಂಪಿಗೆ ಸೇರಿದ್ದು ಅಂತ ಒಂದು ಯುಆರ್‌ಐ (ವೆಬ್ ವಿಳಾಸದಂಥ ಗುರುತು) ಕೊಟ್ಟು ಹೇಳುವುದು ಅದು. ಆ ಗುಂಪೇ ನೇಮ್‌ಸ್ಪೇಸ್. ಎಕ್ಸ್‌ಪಾತ್ 1.0ರಲ್ಲಿ ಪ್ರಿಫಿಕ್ಸ್ (ನೇಮ್‌ಸ್ಪೇಸ್ ಸೂಚಿಸಲು ಹೆಸರಿಗೂ ಮೊದಲು ಬರೆಯುವ ಚಿಕ್ಕ ಗುರುತು) ಇಲ್ಲದ ಹೆಸರು ಅಂದರೆ ಯಾವ ನೇಮ್‌ಸ್ಪೇಸ್‌ಗೂ ಸೇರದ ಹೆಸರು. ಫೈಲ್‌ನಲ್ಲೂ ಪ್ರಿಫಿಕ್ಸ್ ಇಲ್ಲ, ನನ್ನ ಹುಡುಕಾಟದಲ್ಲೂ ಇಲ್ಲ, ಆದರೂ ಎರಡೂ ಬೇರೆ ಬೇರೆ! ಫೈಲ್‌ನ ಟ್ಯಾಗ್‌ಗಳು ಎಕ್ಸ್‌ಎಂಎಲ್‌ಎನ್‌ಎಸ್ ಹೇಳಿದ ಡೀಫಾಲ್ಟ್ ನೇಮ್‌ಸ್ಪೇಸ್‌ಗೆ ಸೇರಿದ್ದವು. ಇನ್ನೊಂದು ಗೊಂದಲವೂ ಇದೆ. ಡೀಫಾಲ್ಟ್ ನೇಮ್‌ಸ್ಪೇಸ್ ಟ್ಯಾಗ್‌ಗೆ ಅನ್ವಯಿಸುತ್ತದೆ, ಟ್ಯಾಗ್ ಒಳಗೆ ಬರೆಯುವ ಆಟ್ರಿಬ್ಯೂಟ್‌ಗೆ ಅನ್ವಯಿಸುವುದಿಲ್ಲ.

ಇಷ್ಟಾದ ಮೇಲೆ 'ಇದೆಲ್ಲ ಯಾಕೆ ಬೇಕು' ಅನ್ನಿಸುವುದು ಸಹಜ, ಅಲ್ವಾ? ಎಕ್ಸ್‌ಎಂಎಲ್ ಬಂದದ್ದು 1998ರಲ್ಲಿ, ನೇಮ್‌ಸ್ಪೇಸ್ ಬಂದದ್ದು 1999ರಲ್ಲಿ. ಅಂದರೆ ಆಮೇಲೆ ಜೋಡಿಸಿದ್ದು. ಆ ಜೋಡಣೆಯ ಗುರುತು ಇವತ್ತಿಗೂ ಕಾಣುತ್ತದೆ.

ಆದರೂ ಅದನ್ನು ಪೂರ್ತಿ ಕಿತ್ತುಹಾಕಿ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಎಕ್ಸ್‌ಎಂಎಲ್ ಅನ್ನು ಬೇರೆ ರೂಪಕ್ಕೆ ತಿರುಗಿಸುವ ಭಾಷೆ ಎಕ್ಸ್‌ಎಸ್‌ಎಲ್‌ಟಿ ನೋಡಿ. ಒಂದೇ ಫೈಲ್‌ನಲ್ಲಿ ಪ್ರೊಸೆಸರ್‌ಗೆ ಕೊಡುವ ಆದೇಶವೂ ಇರುತ್ತದೆ, ಹಾಗೇ ಹೊರಗೆ ಬರಬೇಕಾದ ಟ್ಯಾಗ್‌ಗಳೂ ಇರುತ್ತವೆ. ಯಾವುದು ಯಾವುದು ಅಂತ ಹೇಳುವುದೇ ನೇಮ್‌ಸ್ಪೇಸ್. ಚಿತ್ರ ಬರೆಯುವ ಎಸ್‌ವಿಜಿಯಲ್ಲೂ 'ಟೈಟಲ್' ಇದೆ, ವೆಬ್ ಪುಟ ಬರೆಯುವ ಎಚ್‌ಟಿಎಂಎಲ್‌ನಲ್ಲೂ 'ಟೈಟಲ್' ಇದೆ, ಕೆಲಸ ಮಾತ್ರ ಬೇರೆ. ಆಟಮ್‌ನಂಥದೇ ಫೀಡ್ ಫಾರ್ಮ್ಯಾಟ್ ಆದ ಆರ್‌ಎಸ್‌ಎಸ್ 2.0ರ ಮೂಲ ಟ್ಯಾಗ್‌ಗಳಿಗೆ ನೇಮ್‌ಸ್ಪೇಸೇ ಇಲ್ಲ. ಆದರೆ ಪಾಡ್‌ಕಾಸ್ಟ್‌ಗೆ ಬೇಕಾದ ಹೊಸ ಟ್ಯಾಗ್‌ಗಳನ್ನು ಬೇರೆಯವರು ಸೇರಿಸಲು ಹೊರಟಾಗ ನೇಮ್‌ಸ್ಪೇಸ್ ಬೇಕೇ ಬೇಕಾಯಿತು. ಒಬ್ಬರನ್ನೊಬ್ಬರು ಕೇಳದೆ ಹೆಸರಿಟ್ಟವರ ಟ್ಯಾಗ್‌ಗಳು ಒಂದೇ ಫೈಲ್‌ನಲ್ಲಿ ಕೂಡುವ ಜಾಗ ಅದು. ಅಲ್ಲಿ ಬೇರೆ ದಾರಿ ನನಗೆ ಕಾಣುವುದಿಲ್ಲ.

ಬ್ರೌಸರ್‌ಗಳಿಗೂ ಇದು ತಪ್ಪಿಲ್ಲ. ಎಚ್‌ಟಿಎಂಎಲ್ ಒಳಗೆ ಎಸ್‌ವಿಜಿ ಬರೆದರೆ ಪಾರ್ಸರ್ (ಬ್ರೌಸರ್‌ನಲ್ಲಿ ಪುಟ ಓದುವ ಭಾಗ) ತಾನೇ ಸರಿಯಾದ ನೇಮ್‌ಸ್ಪೇಸ್ ಹಾಕಿಕೊಳ್ಳುತ್ತದೆ. ಅದೇ ಜಾವಾಸ್ಕ್ರಿಪ್ಟ್‌ನಲ್ಲಿ ಟ್ಯಾಗ್ ಸೃಷ್ಟಿಸುವ ಮಾಮೂಲಿ ಕ್ರಿಯೇಟ್‌ಎಲಿಮೆಂಟ್ ಬಳಸಿ ಎಸ್‌ವಿಜಿಯ ವೃತ್ತ ಸೇರಿಸಿ ನೋಡಿ, ಅದಕ್ಕೆ ಎಸ್‌ವಿಜಿಯ ನೇಮ್‌ಸ್ಪೇಸ್ ಸಿಗದೆ ಪರದೆ ಮೇಲೆ ಏನೂ ಮೂಡುವುದಿಲ್ಲ.

ನಮ್ಮದೇ ಎರಡು ಪ್ರೋಗ್ರಾಂಗಳ ನಡುವೆ ಓಡಾಡುವ ಕಾನ್ಫಿಗ್ (ಸೆಟ್ಟಿಂಗ್‌ಗಳ) ಫೈಲ್‌ಗೆ ಮಾತ್ರ ಸುಮ್ನೆ ನೇಮ್‌ಸ್ಪೇಸ್ ಹಾಕಬೇಡಿ. ಅಲ್ಲಿ ಡಿಕ್ಕಿ ಹೊಡೆಯಲು ಇನ್ನೊಂದು ಹೆಸರೇ ಇಲ್ಲ. ಹೊರಗಿನವರಿಗೆ ಕೊಡುವ ಫಾರ್ಮ್ಯಾಟ್ ಆದರೆ ಒಂದೇ ಒಂದು ಹಾಕಿ, ಎಲ್ಲಕ್ಕೂ ಮೇಲಿನ ರೂಟ್ ಟ್ಯಾಗ್‌ನಲ್ಲೇ ಹೇಳಿಬಿಡಿ. ಮುಖ್ಯವಾಗಿ, ಹೊಸ ಆವೃತ್ತಿ ಬಂದಾಗಲೆಲ್ಲ ಅದರ ಯುಆರ್‌ಐ ಬದಲಿಸಬೇಡಿ. ಒಂದು ಅಕ್ಷರ ಬದಲಾದರೂ ಹಳೆಯ ಪ್ರೋಗ್ರಾಂಗೆ ಅದು ಕಂಡರಿಯದ ಟ್ಯಾಗ್.